ಡೋರಾ ಕೇಳಿದ್ದು ಕನ್ನಡದಲ್ಲಿ

ಚೆನ್ನೈನಲ್ಲಿ ಬೆಳೆಯುವ ಕನ್ನಡದ ಮಕ್ಕಳ ಪಾಡು ನಮಗೆಲ್ಲ ಗೊತ್ತಿರುವುದೇ. ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್. 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದಲೇ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಕನ್ನಡಕ್ಕೆ ಉಳಿದದ್ದು ಅಡುಗೆಮನೆ ಮತ್ತು ಅಜ್ಜಿಯ ಬಾಯಿ. ನಮ್ಮ ಮನೆಯಲ್ಲಿ ಅಜ್ಜಿಯೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ, 2009ರ ಏಪ್ರಿಲ್‌ನಲ್ಲಿ, ಮಕ್ಕಳಿಗಾಗಿ ಕನ್ನಡದ ಚಿಂಟು ಟಿವಿ ಶುರುವಾಯಿತು. ಹೊರತಂದವರು ನಮ್ಮ ಚೆನ್ನೈನ ಸನ್ ಟಿವಿ ಬಳಗದವರೇ. ತಮಿಳಿನ ಚುಟ್ಟಿ ಟಿವಿ 2007ರಲ್ಲೇ ಬಂದಿತ್ತು. ಕನ್ನಡದಲ್ಲಿ ಸಿನಿಮಾ, ಧಾರಾವಾಹಿಗಳ ಡಬ್ಬಿಂಗ್‌ಗೆ ದಶಕಗಳಿಂದ ವಿರೋಧವಿತ್ತು. ಅದನ್ನು ತಡೆಯುವುದು ಸರಿಯಲ್ಲವೆಂದು ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಕಾರ್ಟೂನುಗಳು ಅದಕ್ಕೂ ಆರು ವರ್ಷ ಮೊದಲೇ ಕನ್ನಡ ಮಾತಾಡಿದವು. ದೊಡ್ಡವರ ಜಗಳ ಚಿಣ್ಣರಿಗೆ ತಟ್ಟಲಿಲ್ಲವಲ್ಲ, ಪುಣ್ಯ!

ಆಗ ನನ್ನ ಮಗಳಿಗೆ ನಾಲ್ಕು ವರ್ಷ. ಊಟಕ್ಕೆ ಕರೆದರೆ "ವರೇನ್" ಎನ್ನುತ್ತಿದ್ದ ಹುಡುಗಿ. ಅವಳಿಗೆ ಹಿಡಿಸಿದ್ದು ಡೋರಾ. ಬೆನ್ನಿಗೆ ಚೀಲ, ಜೊತೆಗೆ ಕೆಂಪು ಬೂಟಿನ ಕೋತಿ. ಈ ಡೋರಾ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲುತ್ತಾಳೆ, ಮಗು ಉತ್ತರ ಹೇಳಲೆಂದು ಕಾಯುತ್ತಾಳೆ. ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುತ್ತಿದ್ದರೆ ಒಳಗಿಂದ "ಸೇತುವೆ! ಸೇತುವೆ!" ಎಂಬ ಕೂಗು. ನಾವು ಮನೆಯಲ್ಲಿ ಎಂದೂ ಆಡದ ಮಾತು ಅದು. ನಮ್ಮ ಬಾಯಲ್ಲಿ ಬರುವುದು 'ಬ್ರಿಡ್ಜ್' ತಾನೆ?

2000ದಲ್ಲಿ ಅಮೆರಿಕದಲ್ಲಿ ಶುರುವಾದ ಮೂಲ ಡೋರಾ ಇಂಗ್ಲಿಷಿನ ನಡುವೆ ಸ್ಪ್ಯಾನಿಷ್ ಪದ ಕಲಿಸುವವಳು. ವಲಸೆ ಬಂದ ಮನೆಗಳ ಭಾಷೆಗೆ ಅಲ್ಲಿ ಟಿವಿಯಲ್ಲಿ ಮರ್ಯಾದೆ ಸಿಕ್ಕಿತು. ಇದನ್ನು ತಿಳಿದಾಗ, ಅಲ್ಲಿ ಸ್ಪ್ಯಾನಿಷ್ ಹೇಗೋ ಇಲ್ಲಿ ನಮ್ಮ ಕನ್ನಡ ಹಾಗೇ ಅಲ್ಲವೇ ಅನ್ನಿಸಿತು.

ಒಂದು ಕೊರತೆ ಮಾತ್ರ ಉಳಿಯಿತು. ಮಾತು ಕಿವಿಯಿಂದ ಬಂತು, ಅಕ್ಷರ ಬರಲಿಲ್ಲ. ಅದು ಡೋರಾಳ ತಪ್ಪಲ್ಲ, ದಿನಕ್ಕೆ ಹತ್ತು ನಿಮಿಷ ಸ್ಲೇಟು ಹಿಡಿಸದ ನನ್ನದು. ಟಿವಿ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಪೇಪರ್ ಓದುತ್ತ ಕೂತೆ.

ಈಗವಳು ಕಾಲೇಜು ಹುಡುಗಿ. ಕಳೆದ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿದ್ದೆವು. ಅತ್ತೆಯ ಮಕ್ಕಳೊಂದಿಗೆ ಅಚ್ಚ ಕನ್ನಡದಲ್ಲಿ ಹರಟೆ ಹೊಡೆದವಳು ಸಿಟಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು: "ಅಪ್ಪಾ, ಬೋರ್ಡಲ್ಲಿ ಏನಂತ ಬರೆದಿದೆ?"