ಸಾಹಸನಾಯಕನ ಬಿಡಿಚಿತ್ರ: ಹಳೆಯ ಚಿತ್ರಕಥೆಯ ಶೈಲಿಯೂ ಮಲೆನಾಡಿನ ವೀರಗಲ್ಲೂ

ಕಥೆಯ ಓಟದಿಂದ ಬೇರ್ಪಡಿಸಿ, ಅತಿಮಾನುಷ ನಾಯಕನೊಬ್ಬನನ್ನೇ ಇಡೀ ಪುಟದಲ್ಲಿ ನಿಲ್ಲಿಸಿ ಬರೆದ ಚಿತ್ರಕ್ಕೆ ‘ಪಿನ್-ಅಪ್’ ಎಂಬ ಹೆಸರು ರೂಢಿಯಲ್ಲಿದೆ. ಓದುಗನು ಅದನ್ನು ಗೋಡೆಗೆ ಸಿಕ್ಕಿಸಿಕೊಳ್ಳಲೆಂಬುದು ಅದರ ಉದ್ದೇಶವಾದುದರಿಂದ ಕನ್ನಡದಲ್ಲಿ ಬಿಡಿಚಿತ್ರವೆನ್ನಬಹುದು. ೧೯೬೪ರಲ್ಲಿ ಆರಂಭವಾದ ಇಂದ್ರಜಾಲ್ ಕಾಮಿಕ್ಸ್ ಮಾಲೆಯು ಫ್ಯಾಂಟಮ್‌ನನ್ನು ಭಾರತದ ಮನೆಮನೆಗೆ ಪರಿಚಯಿಸಿತು. ಅದರ ಮೊದಮೊದಲ ಮುಖಪುಟಗಳನ್ನು ಬಿ. ಗೋವಿಂದ ಎಂಬ ಕಲಾವಿದರು ಬರೆದರು. ಇಂದು ಅಭಿಮಾನದಿಂದ ಇಂತಹ ಚಿತ್ರಗಳನ್ನು ಬರೆಯುವ ತರುಣರು ಅನೇಕರು. ಕಾಗದಕ್ಕೆ ಹಳದಿ ಛಾಯೆ ಕೊಟ್ಟು, ಚುಕ್ಕೆಗಳನ್ನು ಚೆಲ್ಲಿದರೆ ಹಳೆಯ ಶೈಲಿ ಸಿದ್ಧಿಸಿತೆಂಬ ಭಾವನೆ ಅವರಲ್ಲಿ ಹಲವರಿಗಿದೆ. ಆದರೆ ಆ ಶೈಲಿಯ ಪ್ರತಿಯೊಂದು ಲಕ್ಷಣಕ್ಕೂ ಒಂದು ಕಾರಣವಿತ್ತು. ಕಾರಣವನ್ನು ಅರಿಯದೆ ಲಕ್ಷಣವನ್ನು ಅನುಕರಿಸಿದರೆ ಚಿತ್ರವು ನಿರ್ಜೀವವಾಗುತ್ತದೆ.

ಮೊದಲು ಮುದ್ರಣದ ವಿಷಯ. ಆ ಪುಸ್ತಕಗಳು ಅಗ್ಗದ ಕಾಗದದ ಮೇಲೆ ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕು ಶಾಯಿಗಳಲ್ಲಿ ಅಚ್ಚಾಗುತ್ತಿದ್ದವು. ಅಮೆರಿಕದ ಪದ್ಧತಿಯಲ್ಲಿ ಕಪ್ಪನ್ನುಳಿದ ಮೂರಕ್ಕೆ ತಲಾ ಮೂರು ಸಾಂದ್ರತೆಗಳಿದ್ದವು. ಬಣ್ಣವಿಲ್ಲದ ಸ್ಥಿತಿಯನ್ನೂ ಸೇರಿಸಿ ಎಣಿಸಿದರೆ ದೊರೆಯುತ್ತಿದ್ದುದು ೬೪ ಛಾಯೆಗಳು ಮಾತ್ರ. ತೆಳುವಾದ ಛಾಯೆಯನ್ನು ಸಾಧಿಸಲು ಚುಕ್ಕೆಗಳು ಬೇಕಾದವು. ಅಚ್ಚುಗಳು ಕೂದಲೆಳೆಯಷ್ಟು ಸರಿದರೂ ಬಣ್ಣವು ಗೆರೆಯಾಚೆ ಚಾಚುತ್ತಿತ್ತು. ಆ ದೋಷವನ್ನು ದಪ್ಪ ಕಪ್ಪುಗೆರೆ ಮರೆಮಾಡುತ್ತಿತ್ತು. ಆದಕಾರಣ ಕಲಾವಿದನು ಬಣ್ಣವನ್ನು ನೆಚ್ಚದೆ ಗೆರೆಯಿಂದಲೇ ದೇಹದ ಘನತೆಯನ್ನು ತೋರಿಸಬೇಕಾಗಿತ್ತು.

ಇಂತಹ ಸಂಯಮವು ನಮ್ಮ ನಾಡಿಗೆ ಹೊಸದಲ್ಲ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳಿಯಲ್ಲಿ ಅದ್ದಿ ಬರೆಯುವ ಹಸೆಚಿತ್ತಾರದಲ್ಲಿ ಬಣ್ಣಗಳು ಕೆಲವೇ; ಗೆರೆಯದೇ ಪ್ರಾಧಾನ್ಯ.

ಇನ್ನು ನಾಯಕನ ಗಾತ್ರದ ವಿಷಯ. ಸಾಮಾನ್ಯ ಮನುಷ್ಯನ ಎತ್ತರ ಸುಮಾರು ಏಳೂವರೆ ತಲೆಯಷ್ಟಾದರೆ, ಸಾಹಸನಾಯಕನಿಗೆ ಎಂಟೋ ಒಂಬತ್ತೋ ತಲೆಯಷ್ಟು ಎತ್ತರವನ್ನು ಕೊಡುವುದು ವಾಡಿಕೆ. ದಿಗಂತರೇಖೆಯನ್ನು ಅವನ ಮೊಣಕಾಲಿನ ಮಟ್ಟಕ್ಕೆ ಇಳಿಸಿದರೆ ನೋಡುಗನು ತಲೆಯೆತ್ತಿ ನೋಡಿದಂತಾಗುತ್ತದೆ. ಆದರೆ ಈ ಹಿರಿತನ ಅವನಿಗೆ ಸಲ್ಲುವುದೇಕೆ? ಈ ಪ್ರಶ್ನೆಗೆ ವೀರಗಲ್ಲು ಉತ್ತರ ಹೇಳುತ್ತದೆ.

ಬಿ. ಎಲ್. ರೈಸ್ ಅವರು ೧೯೦೪ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಇವುಗಳಲ್ಲಿ ನಗರವೇ ಇಂದಿನ ಹೊಸನಗರ ತಾಲ್ಲೂಕು. ಈ ಸೀಮೆಯ ವೀರಗಲ್ಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಪಟ್ಟಿಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವಸಾನ್ನಿಧ್ಯ. ಹಲವು ಕಲ್ಲುಗಳಲ್ಲಿ ವೀರನು ಎದುರಾಳಿಗಳಿಗಿಂತ ದೊಡ್ಡವನು. ತುರುಗಳನ್ನು ಬಿಡಿಸಲು ಅಥವಾ ಊರನ್ನು ಉಳಿಸಲು ಅವನು ಪ್ರಾಣವನ್ನಿತ್ತನೆಂಬುದೇ ಆ ಹಿರಿತನಕ್ಕೆ ಕಾರಣ, ಮತ್ತು ಆ ಕಾರಣವು ಅದೇ ಕಲ್ಲಿನಲ್ಲಿದೆ.

ಬಿಡಿಚಿತ್ರದಲ್ಲಿ ಮೂರು ಪಟ್ಟಿಗಳಿಗೆ ಸ್ಥಳವಿಲ್ಲ. ಆದರೂ ನಾಯಕನು ಯಾರನ್ನು ಕಾಯುತ್ತಿದ್ದಾನೆ, ಯಾವುದನ್ನು ಎದುರಿಸುತ್ತಿದ್ದಾನೆ ಎಂಬುದು ಅವನ ಭಂಗಿಯಲ್ಲಾದರೂ, ಕಾಲಬಳಿಯ ಒಂದು ಸಣ್ಣ ವಿವರದಲ್ಲಾದರೂ ಕಾಣಬೇಕು. ವೀರಾಂಗನೆಯನ್ನು ಬರೆಯುವಾಗ ಈ ನಿಯಮ ಇನ್ನೂ ಮುಖ್ಯ: ಆಕೆಯ ನಿಲುವು ಆಕೆಯ ಕಾರ್ಯದಿಂದ ಹುಟ್ಟಬೇಕೇ ಹೊರತು ನೋಡುಗನ ಚಪಲದಿಂದಲ್ಲ.

ಅಭ್ಯಾಸಿಗಳು ಮೊದಲು ಒಂದು ವೀರಗಲ್ಲಿನ ಕೆಳಪಟ್ಟಿಯನ್ನು ಪೆನ್ಸಿಲಿನಲ್ಲಿ ನಕಲುಮಾಡಿ, ಅನಂತರ ಕುಂಚದಿಂದ ಕಪ್ಪು ಶಾಯಿಯಲ್ಲಿ ತಿದ್ದುವುದು ಒಳ್ಳೆಯದು. ಬಣ್ಣವಿಲ್ಲದೆಯೇ ವೀರನು ಗುರುತಿಗೆ ಸಿಕ್ಕಿದ ಮೇಲೆ, ಮೂರು ನಾಲ್ಕು ಸಪಾಟಾದ ಬಣ್ಣಗಳನ್ನು ತುಂಬಬಹುದು. ಚುಕ್ಕೆಗಳು ಬೇಕೋ ಬೇಡವೋ ಎಂಬುದನ್ನು ಕಟ್ಟಕಡೆಗೆ ನಿರ್ಧರಿಸಿದರೆ ಸಾಕು.