ಹಾಲು ‘ಪಾಲು’ ಆದ ಮೇಲೆ ಮನೆಗೆ ಬಂದ ಕಂಪ್ಯೂಟರ್

ಒಂಬತ್ತನೆಯ ತರಗತಿಯ ಗಣಿತದ ಘಟಕ ಪರೀಕ್ಷೆ. ಆರಂಭವಾಗಿ ಹತ್ತು ನಿಮಿಷವಾಗಿರಬಹುದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಪಾಲಿನ ಪಾಲು ಅಂದರೇನು?” ಎಂದು ಕೇಳಿದಳು. ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. “ಹಾಲು ಮತ್ತು ನೀರಿನ ಮಿಶ್ರಣದಲ್ಲಿ ಹಾಲಿನ ಪಾಲು ಎಷ್ಟು?” ಎಂದು ನಾನು ಕೈಯಲ್ಲಿ ಬರೆದುಕೊಟ್ಟಿದ್ದೆ. ಪೇಟೆಯ ಅಕ್ಷರಜೋಡಣೆಯ ಅಂಗಡಿಯಿಂದ ಬರುವಾಗ ಅದು “ಪಾಲು ಮತ್ತು ನೀರಿನ ಮಿಶ್ರಣದಲ್ಲಿ ಪಾಲಿನ ಪಾಲು ಎಷ್ಟು?” ಎಂದಾಗಿತ್ತು. ಜೋಡಿಸಿದ ಹುಡುಗ ತೆಲುಗಿನವನು. ಅವನ ಮನೆಯಲ್ಲಿ ಹಾಲಿಗೆ ಪಾಲು ಎನ್ನುತ್ತಾರೆ. ನಮ್ಮ ಲಿಪಿಗೂ ಅವರ ಲಿಪಿಗೂ ಅಕ್ಕತಂಗಿಯರ ಹೋಲಿಕೆಯಿರುವುದರಿಂದ ಅವನು ಕನ್ನಡವನ್ನು ಕಣ್ಣಿನಿಂದ ಓದಬಲ್ಲ, ಆದರೆ ಕಿವಿ ತೆಲುಗಿನದೇ. ಅವನನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಪ್ರಶ್ನೆಯನ್ನು ಬಿಟ್ಟೇಬಿಟ್ಟ ಮಕ್ಕಳು ನಾಲ್ವರಿದ್ದರು. ಕೊನೆಗೆ ಎಲ್ಲರಿಗೂ ಆ ಅಂಕ ಕೊಟ್ಟು ಕೈತೊಳೆದುಕೊಂಡೆ.

ಕಾಸರಗೋಡಿನ ವಾಚಕರಿಗೆ ನಮ್ಮ ಪರಿಸ್ಥಿತಿಯನ್ನು ಬಹಳ ವಿವರಿಸಬೇಕಾಗಿಲ್ಲ. ನೀವು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಿರಿ. ನಾವು ಅದಕ್ಕಿಂತ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆ ಒಡೆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳ ಜೊತೆಗೆ ಆಂಧ್ರಕ್ಕೆ ಹೋದವರು. ಆದೋನಿ, ಆಲೂರುಗಳು ಕರ್ನೂಲು ಜಿಲ್ಲೆಗೆ ಸೇರಿದುವು. ಹೊಳಗುಂದ, ಕೌತಾಳಂ, ಮಂತ್ರಾಲಯದ ಕಡೆ ಇಂದಿಗೂ ಮನೆಮಾತು ಕನ್ನಡವಾಗಿರುವ ಕುಟುಂಬಗಳಿವೆ, ಕನ್ನಡ ಮಾಧ್ಯಮದ ತರಗತಿಗಳೂ ಇವೆ. ಇಲ್ಲದಿರುವುದು ಕನ್ನಡ ಬಲ್ಲ ಅಂಗಡಿ. ಹತ್ತಿ ಮಾರುಕಟ್ಟೆಗೆ ಹೆಸರಾದ ಈ ಊರಿನಲ್ಲಿ ಹತ್ತಿಯ ಚೀಟಿಯಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ತೆಲುಗಿನಲ್ಲಿ ಬೇಕಾದ್ದು ಗಳಿಗೆಯಲ್ಲಿ ಅಚ್ಚಾಗುತ್ತದೆ. ಕನ್ನಡದ ಒಂದು ಪುಟಕ್ಕೆ ಮಾತ್ರ ಬಳ್ಳಾರಿಯ ಬಸ್ಸು ಹಿಡಿಯಬೇಕು, ಇಲ್ಲವೆ ಕೈಬರಹದ ಪ್ರತಿಯನ್ನೇ ಜೆರಾಕ್ಸ್ ಮಾಡಿಸಬೇಕು. ಪಕ್ಕದ ಕೊಠಡಿಯ ತೆಲುಗು ಮಾಧ್ಯಮದ ಮಕ್ಕಳ ಕೈಯಲ್ಲಿ ಅಚ್ಚುಕಟ್ಟಾದ ಮುದ್ರಿತ ಪ್ರಶ್ನೆಪತ್ರಿಕೆ, ನಮ್ಮ ಮಕ್ಕಳ ಕೈಯಲ್ಲಿ ನನ್ನ ಕಾಗೆಕಾಲು ಅಕ್ಷರ. ತಮ್ಮದು ಎರಡನೆಯ ದರ್ಜೆಯ ತರಗತಿಯೆಂದು ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಬಂಧುವೊಬ್ಬರಿಂದ ಹಳೆಯದೊಂದು ಕಂಪ್ಯೂಟರನ್ನು ಕೊಂಡೆ. ಟಿ.ಸಿ.ಎಚ್. ಓದುವಾಗ ನಮಗೆ ಕರಿಹಲಗೆಯ ಮೇಲೆ ನೇರವಾಗಿ ಬರೆಯುವುದನ್ನು ಕಲಿಸಿದ್ದರು, ಇದನ್ನು ಕಲಿಸಿರಲಿಲ್ಲ. ಅದರಲ್ಲಿ ಹಣಕೊಟ್ಟು ಕೊಳ್ಳಬೇಕಾದ ಆಫೀಸ್ ತಂತ್ರಾಂಶ ಇರಲಿಲ್ಲ. ‘ಲಿಬ್ರೆ ಆಫೀಸ್’ ಎಂಬ ಉಚಿತ ತಂತ್ರಾಂಶವಿತ್ತು. ಬರೆಯುವುದಕ್ಕೆ ರೈಟರ್, ಲೆಕ್ಕಕ್ಕೆ ಕ್ಯಾಲ್ಕ್. ಮೇಷ್ಟರಿಗೆ ಇವೆರಡು ಧಾರಾಳ ಸಾಕು. ನಿಮ್ಮ ಮಕ್ಕಳಿಗೆ ಇದೇನೂ ಹೊಸತಲ್ಲವೆಂದು ಬಲ್ಲೆ. ಕೇರಳದ ಶಾಲೆಗಳಲ್ಲಿ ‘ಐ.ಟಿ. ಅಟ್ ಸ್ಕೂಲ್’ ಯೋಜನೆಯ ಕಾಲದಿಂದಲೂ ಇಂಥ ಸ್ವತಂತ್ರ ತಂತ್ರಾಂಶಗಳನ್ನೇ ಕಲಿಸುತ್ತ ಬಂದಿದ್ದಾರೆ.

ಮೊದಲ ದಿನವೇ ಮುಗ್ಗರಿಸಿದೆ. ಬಳ್ಳಾರಿಯ ಸ್ನೇಹಿತರೊಬ್ಬರು ತಮ್ಮ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಳುಹಿಸಿದ್ದರು. ತೆರೆದು ನೋಡಿದರೆ ಕನ್ನಡದ ಒಂದಕ್ಷರವೂ ಇಲ್ಲ. ತಲೆಯ ಮೇಲೆ ಟೋಪಿ, ಚುಕ್ಕೆ ಹೊತ್ತ ಯೂರೋಪಿನ ಅಕ್ಷರಗಳ ಸಂತೆ! ಯಂತ್ರ ಕೆಟ್ಟಿತೆಂದು ಹೆದರಿದೆ. ಕೆಟ್ಟಿರಲಿಲ್ಲ. ಹಿಂದಿನ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಮುಂತಾದ ಅಕ್ಷರಗಳ ಗೂಡುಗಳಲ್ಲಿ ಕನ್ನಡದ ಆಕಾರಗಳನ್ನು ತುಂಬಿಸಿಟ್ಟಿರುತ್ತಿದ್ದರು. ಅದೇ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಇಲ್ಲದಲ್ಲಿ ಮುಖವಾಡ ಕಳಚಿ ಬೀಳುತ್ತದೆ. ಕರ್ನಾಟಕದ ಒಳಗಿರುವವರಿಗೆ ಇದರಿಂದ ಅಷ್ಟು ತೊಂದರೆಯಾಗಲಿಲ್ಲ, ಏಕೆಂದರೆ ಹಲವರಲ್ಲಿ ಅದೇ ಫಾಂಟುಗಳಿದ್ದುವು. ಪೆಟ್ಟು ಬಿದ್ದದ್ದು ಗಡಿಯ ಹೊರಗಿನ ನಮಗೆ.

ಇದಕ್ಕೆ ಪರಿಹಾರ ಯೂನಿಕೋಡ್. 1991ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಾಗಲೇ ಕನ್ನಡಕ್ಕೆ ಸ್ವಂತ ಜಾಗ ದೊರೆತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂದ ಮೇಲೆ ಮನೆಯ ಕಂಪ್ಯೂಟರುಗಳಲ್ಲೂ ಅದು ಬಳಕೆಗೆ ಬಂತು. ಜಗತ್ತಿನ ಲಿಪಿಗಳಿಗೆ ಮನೆ ಹಂಚುವಾಗ ನಮ್ಮ ಈ ಲಿಪಿಗಳಿಗೆ ಒಂದೊಂದಕ್ಕೆ 128 ಗೂಡುಗಳಂತೆ ಸಾಲಾಗಿ ಕೊಟ್ಟಿದ್ದಾರೆ: ಮೊದಲು ತೆಲುಗು, ಅದರ ಮಗ್ಗುಲಿಗೆ ಕನ್ನಡ, ಅದರಾಚೆ ಮಲಯಾಳ. ಎಡಕ್ಕೆ ನನ್ನ ನೆರೆಮನೆ, ಬಲಕ್ಕೆ ನಿಮ್ಮ ನೆರೆಮನೆ. ಯೂನಿಕೋಡಿನಲ್ಲಿ ಬರೆದದ್ದು ಆದೋನಿಯಲ್ಲೂ ಕಾಸರಗೋಡಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ.

ಇನ್ನು ಕೀಲಿಮಣೆ. ಇಲ್ಲಿ ಎರಡು ದಾರಿಗಳಿವೆ. ಒಂದು, ಕಿನ್ನಿಕಂಬಳದ ಕೆ. ಪಿ. ರಾಯರು ರೂಪಿಸಿದ್ದು. ಇಂಗ್ಲಿಷಿನ ‘ಕೆ’ ಕೀಲಿಗೆ ಕನ್ನಡದ ‘ಕ’, ಹೀಗೆ ಉಚ್ಚಾರವನ್ನು ಅನುಸರಿಸಿ ಹೋಗುತ್ತದೆ. ತಾವು ಮಾಡಿದ ತಂತ್ರಾಂಶಕ್ಕೆ ರಾಯರು ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದ್ದನ್ನು ನಿಮ್ಮಲ್ಲಿ ಹಿರಿಯರು ಬಲ್ಲರು. ‘ನುಡಿ’ಯಲ್ಲಿರುವುದೂ ಇದೇ ವಿನ್ಯಾಸ. ಇಂಗ್ಲಿಷ್ ಕೀಲಿಮಣೆಯ ರೂಢಿ ಇರುವವರಿಗೆ ಇದು ಬಲು ಸುಲಭ.

ನಾನು ಹಿಡಿದದ್ದು ಇನ್ನೊಂದನ್ನು, ‘ಇನ್‌ಸ್ಕ್ರಿಪ್ಟ್’. ಇಲ್ಲಿ ಸ್ವರಗಳು ಹೆಚ್ಚಾಗಿ ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಭಾರತದ ಲಿಪಿಗಳಿಗೆಲ್ಲ ಒಂದೇ ವಿನ್ಯಾಸ. ಆದೋನಿ ಎಂದು ಬರೆಯಬೇಕಾದರೆ ಐದು ಕೀಲಿಗಳು: ಶಿಫ್ಟ್ ಒತ್ತಿ ‘ಇ’, ಆಮೇಲೆ ‘ಓ’, ‘ಎ’, ‘ವಿ’, ‘ಎಫ್’. ಕ್ರಮವಾಗಿ ಆ, ದ, ಓಕಾರ, ನ, ಇಕಾರ ಬೀಳುತ್ತವೆ. ಭಾಷೆಯನ್ನು ತೆಲುಗಿಗೆ ತಿರುಗಿಸಿ ಅದೇ ಐದು ಕೀಲಿಗಳನ್ನು ಒತ್ತಿದರೆ ತೆಲುಗಿನ ಆದೋನಿ ಸಿದ್ಧ. ವಿಂಡೋಸಿನಲ್ಲಿ ಭಾಷೆ ತಿರುಗಿಸುವುದಕ್ಕೆ ವಿಂಡೋಸ್ ಕೀಲಿಯ ಜೊತೆಗೆ ಸ್ಪೇಸ್ ಒತ್ತಿದರಾಯಿತು. ಮೊದಲ ಹದಿನೈದು ದಿನ ಬೆರಳು ತಡಕಾಡಿತು. ಕೀಲಿಗಳ ಮೇಲೆ ಸಣ್ಣ ಚೀಟಿ ಅಂಟಿಸಿಕೊಂಡಿದ್ದೆ. ತಿಂಗಳಾಗುವಷ್ಟರಲ್ಲಿ ಚೀಟಿಗಳು ತಾವಾಗಿ ಉದುರಿದುವು, ಬೆರಳು ತಡೆಯಲಿಲ್ಲ. ಈಗ ನಮ್ಮ ಶಾಲೆಯ ತೆಲುಗು ಪಂಡಿತರ ಪ್ರಶ್ನೆಪತ್ರಿಕೆಯನ್ನೂ ನಾನೇ ಹೊಡೆದುಕೊಡುತ್ತೇನೆ. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು ಭಾಷೆಯಾಗಿರುವ ನಮ್ಮಂಥವರಿಗೆ ಒಂದು ಶ್ರಮಕ್ಕೆ ಎರಡು ಫಲ. ನಿಮಗೆ ಮಲಯಾಳವೂ ಇದೇ ಬೆರಳಿಗೆ ಬರುತ್ತದೆ.

ಲೆಕ್ಕದ ಹಾಳೆಯಲ್ಲಿ ಆದ ಫಜೀತಿಯನ್ನು ಹೇಳದಿದ್ದರೆ ತಪ್ಪಾದೀತು. ಕನ್ನಡದ ಮೇಷ್ಟರೆಂಬ ಅಭಿಮಾನದಿಂದ ಅಂಕಪಟ್ಟಿಯನ್ನೆಲ್ಲ ಕನ್ನಡದ ಅಂಕಿಗಳಲ್ಲೇ ತುಂಬಿದೆ. ಕೂಡಿಸುವ ‘ಸಮ್’ ಸೂತ್ರ ಹಾಕಿದೆ. ಇಡೀ ತರಗತಿಗೆ ಸೊನ್ನೆ! ಯಂತ್ರವು ನನ್ನ ಅಂಕಿಗಳನ್ನು ಅಂಕಿಯೆಂದು ಒಪ್ಪದೆ ಬರಿಯ ಅಕ್ಷರಗಳೆಂದು ಎಣಿಸಿತ್ತು. ಈಗ ಹೆಸರು ಕನ್ನಡದಲ್ಲಿ, ಅಂಕಿ ಇಂಗ್ಲಿಷಿನಲ್ಲಿ. ಮನಸ್ಸಿಗೆ ಸ್ವಲ್ಪ ಕಸಿವಿಸಿಯೇ, ಆದರೆ ಮೊತ್ತ ಸರಿಯಾಗಿ ಬರುತ್ತದೆ. ಒಂದು ಅಂಕವನ್ನು ತಿದ್ದಿದರೆ ಮೊತ್ತ ತಾನೇ ತಿದ್ದಿಕೊಳ್ಳುತ್ತದೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸೆಂದರೆ ಅ, ಆ, ಇ, ಈ ಎಂದು ಕನ್ನಡದ ಕ್ರಮದಲ್ಲೇ ಸಾಲುಗಟ್ಟಿಸುತ್ತದೆ. ಹಳೆಯ ಫಾಂಟುಗಳಲ್ಲಿ ಬರೆದಿದ್ದರೆ ಇದು ನಡೆಯುತ್ತಿರಲಿಲ್ಲ. ಯಂತ್ರದ ಕಣ್ಣಿಗೆ ಅವು ಕನ್ನಡದ ಅಕ್ಷರಗಳೇ ಅಲ್ಲವಲ್ಲ.

ಕಲಿಯಹೊರಟವರಿಗೆ ಎರಡು ಮಾತು. ಲಿಬ್ರೆ ಆಫೀಸಿನ ಭಾಷಾ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡವನ್ನು ಆರಿಸಿಡಿ. ಇಂಗ್ಲಿಷಿನ ಫಾಂಟು ಬೇರೆ, ಕನ್ನಡದ ಫಾಂಟು ಬೇರೆ ಎಂದು ಅದು ಲೆಕ್ಕ ಇಡುತ್ತದೆ. ಒಂದರ ಗಾತ್ರ ಬದಲಿಸಿ ಇನ್ನೊಂದು ಏಕೆ ಬದಲಾಗಲಿಲ್ಲವೆಂದು ನಾನು ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡಿದ್ದೇನೆ. ಮುದ್ರಣಕ್ಕೆ ಕೊಡುವಾಗ ಪಿ.ಡಿ.ಎಫ್. ಮಾಡಿಯೇ ಕೊಡಿ. ಬೇಕಾದ ಫಾಂಟು ಅದರ ಹೊಟ್ಟೆಯಲ್ಲೇ ಇರುವುದರಿಂದ ಅಂಗಡಿಯ ಯಂತ್ರದಲ್ಲಿ ಕನ್ನಡ ಇಲ್ಲದಿದ್ದರೂ ಚಿಂತೆಯಿಲ್ಲ.

ಪೇಟೆಯ ಅಂಗಡಿಗೆ ಈಗಲೂ ಹೋಗುತ್ತೇನೆ. ನನ್ನಲ್ಲಿ ಪ್ರಿಂಟರ್ ಇಲ್ಲ. ಮೊನ್ನೆ ಆ ಹುಡುಗ ನನ್ನ ಪುಟಗಳನ್ನು ನೋಡುತ್ತ, ಇದನ್ನು ಯಾರು ಜೋಡಿಸಿದರೆಂದು ಕೇಳಿದ. ನಾನೇ ಎಂದೆ. ಅಂಗಡಿಯಲ್ಲಿ ಅವನು ರೂಢಿಸಿಕೊಂಡ ತೆಲುಗು ಕೀಲಿಮಣೆ ಬೇರೆಯ ಬಗೆಯದು. ಇನ್‌ಸ್ಕ್ರಿಪ್ಟ್ ಅವನಿಗೂ ಹೊಸತು. ಅವನ ಯಂತ್ರದಲ್ಲೇ ಕನ್ನಡವನ್ನು ಸೇರಿಸಿ, ‘ಯು’, ‘ಇ’, ‘ಎನ್’, ‘ಜಿ’ ಎಂದು ನಾಲ್ಕು ಕೀಲಿಗಳನ್ನು ತೋರಿಸಿದೆ. ಒಂದೊಂದಾಗಿ ಒತ್ತಿದ. ಪರದೆಯ ಮೇಲೆ ‘ಹಾಲು’ ಮೂಡಿತು. “ಪಾಲು ಕಾದಾ ಸಾರ್?” ಎಂದು ನಕ್ಕ.