ಮುಲಾಮು ಕೊಡುವುದು ನೀರಲ್ಲ, ಕಾವಲು

ಎಳ್ಳಮಾಸಿಗೆ ಚರಗ ಚೆಲ್ಲುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ಕಡೆ ಹೊಲದ ಕೆಲಸ ಭರದಿಂದ ಸಾಗಿರುತ್ತದೆ. ತೊಗರಿ ಕೊಯ್ದು ರಾಶಿ ಮಾಡಬೇಕು, ಹತ್ತಿ ಬಿಡಿಸಬೇಕು, ಭೀಮಾ ದಂಡೆಯಲ್ಲಿ ಕಬ್ಬು ಕಡಿಯಬೇಕು. ಕೈಕಾಲು ಗಟ್ಟಿಯಾಗಿರಬೇಕಾದ ಇದೇ ದಿನಗಳಲ್ಲಿ ಹಿಮ್ಮಡಿ ಸೀಳುತ್ತದೆ, ತುಟಿ ಒಡೆಯುತ್ತದೆ, ಮೊಣಕಾಲಿನ ಕೆಳಗೆ ಉಗುರು ತಾಗಿದರೂ ಬಿಳಿ ಗೆರೆ ಮೂಡುತ್ತದೆ. ಆಗ ಕಿರಾಣಿ ಅಂಗಡಿಗೆ ಹೋದರೆ ‘ಎಲ್ಲಾದಕ್ಕೂ ನಡೀತದ’ ಎಂದು ಒಂದು ಡಬ್ಬಿ ಕೈಗೆ ಬರುತ್ತದೆ. ತಲೆನೋವು, ಗಾಯ, ತುರಿಕೆ, ಒಡೆದ ಕಾಲು ಎಲ್ಲಕ್ಕೂ ಅದೊಂದೇ. ಅದರೊಳಗೆ ಏನಿದೆ ಎಂದು ಕೇಳುವವರು ಕಡಿಮೆ. ಕೇಳಲೇಬೇಕು ಎನ್ನುವುದಕ್ಕೆ ಈ ಲೇಖನ.

ಮೊದಲು ಈ ನಾಡಿನ ಥಂಡಿಯ ಸ್ವಭಾವ ತಿಳಿಯೋಣ. ಚರ್ಮ ಒಡೆಯುವುದು ಬೆಳಗಿನ ಚಳಿಯಿಂದ ಎಂದು ನಾವು ತಿಳಿದಿದ್ದೇವೆ. ಆದರೆ ಕಲಬುರಗಿ ಸೀಮೆಯಲ್ಲಿ ಚರ್ಮವನ್ನು ಹೆಚ್ಚು ಹೀರುವುದು ಮಧ್ಯಾಹ್ನದ ಗಾಳಿ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 13 ಗ್ರಾಂ ನೀರಾವಿ ಹಿಡಿಯಬಲ್ಲದು. ಅದೇ ಗಾಳಿ ಮಧ್ಯಾಹ್ನ 30 ಡಿಗ್ರಿಗೆ ಕಾದರೆ 30 ಗ್ರಾಂ ಹಿಡಿಯುವ ಶಕ್ತಿ ಅದಕ್ಕೆ ಬರುತ್ತದೆ. ಇಬ್ಬನಿಯ ಬೆಳಗಿನಲ್ಲಿ ಪೂರ್ತಿ ತುಂಬಿದ್ದ ಗಾಳಿಯೂ ಮಧ್ಯಾಹ್ನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿಯಾದಂತೆಯೇ. ಹತ್ತಿರದಲ್ಲಿ ಸಮುದ್ರವಿಲ್ಲ, ಬೀಸುವುದು ಈಶಾನ್ಯದ ಒಣಗಾಳಿ. ಆ ಗಾಳಿ ತನಗೆ ಬೇಕಾದ ನೀರನ್ನು ಮಣ್ಣಿನಿಂದ, ಎಲೆಯಿಂದ, ನಮ್ಮ ಮೈಯಿಂದ ಎಳೆದುಕೊಳ್ಳುತ್ತದೆ.

ಇದನ್ನು ತಡೆಯಲು ಮೈಮೇಲೆ ಇರುವುದು ಬಹಳ ತೆಳುವಾದ ಒಂದು ಪದರ. ಸತ್ತ ಜೀವಕೋಶಗಳ ಹಲವು ಸಾಲುಗಳು, ಅವುಗಳ ನಡುವೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನ ಆಮ್ಲಗಳ ಜಿಡ್ಡು. ಮೈಯ ಬಹುಭಾಗದಲ್ಲಿ ಇದರ ದಪ್ಪ ಮಿಲಿಮೀಟರಿನ ನೂರನೇ ಒಂದೆರಡು ಭಾಗವಷ್ಟೇ. ಅಂಗೈ, ಅಂಗಾಲಿನಲ್ಲಿ ಇದು ಹಲವು ಪಟ್ಟು ದಪ್ಪ. ಆದರೂ ಒಡೆಯುವುದು ಅಲ್ಲೇ ಹೆಚ್ಚು. ಅಂಗಾಲಿನಲ್ಲಿ ಎಣ್ಣೆ ಸ್ರವಿಸುವ ಗ್ರಂಥಿಗಳೇ ಇಲ್ಲ, ದಪ್ಪ ಚರ್ಮ ಒಣಗಿದರೆ ಬಗ್ಗುವುದಿಲ್ಲ. ಬರಿಗಾಲಲ್ಲಿ ಹೆಂಟೆಯ ಮೇಲೆ ನಡೆಯುವಾಗ ಇಡೀ ಮೈಭಾರ ಹಿಮ್ಮಡಿಯ ಅಂಚಿನ ಮೇಲೆ ಬಿದ್ದು ಅದು ಸೀಳುತ್ತದೆ.

ಮುಲಾಮಿನ ಕೆಲಸ ಇಲ್ಲಿಯ ರೈತರಿಗೆ ಬೇಗ ಅರ್ಥವಾಗುತ್ತದೆ. ಹಿಂಗಾರಿ ಜೋಳಕ್ಕೆ ಬಿತ್ತಿದ ಮೇಲೆ ಮಳೆಯ ಭರವಸೆ ಇರುವುದಿಲ್ಲ. ಎರೆಭೂಮಿ ಬಿರುಕು ಬಿಡುವ ಮುನ್ನ ಎಡೆ ಹೊಡೆದು ಮೇಲ್ಮಣ್ಣು ಸಡಿಲಿಸಿದರೆ ಬಿರುಕು ಮೂಡದೆ ಒಳಗಿನ ಹಸಿ ಉಳಿಯುತ್ತದೆ. ಎಡೆ ಹೊಡೆಯುವುದರಿಂದ ಹೊಲಕ್ಕೆ ಒಂದು ಹನಿಯೂ ಹೊಸ ನೀರು ಬರುವುದಿಲ್ಲ, ಇದ್ದದ್ದು ಹೋಗುವುದಿಲ್ಲ, ಅಷ್ಟೇ. ಮುಲಾಮೂ ಹಾಗೆಯೇ. ಆದ್ದರಿಂದ ಒಣಗಿ ಬಿಳಿಚಿದ ಮೈಗೆ ಅದನ್ನು ತಿಕ್ಕಿದರೆ ಅರ್ಧ ಪ್ರಯೋಜನ ಮಾತ್ರ. ಜಳಕ ಮಾಡಿ, ಟವೆಲ್ಲಿನಿಂದ ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಎರಡು ಮೂರು ನಿಮಿಷದೊಳಗೆ ಹಚ್ಚಬೇಕು. ಯಾವ ಕಂಪನಿಯದು ಎನ್ನುವುದಕ್ಕಿಂತ ಯಾವಾಗ ಹಚ್ಚಿದಿರಿ ಎನ್ನುವುದೇ ಹೆಚ್ಚು ಮುಖ್ಯ.

ಈ ಕಾವಲಿನ ಕೆಲಸದಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ವಸ್ತು ಸುಲಭಕ್ಕೆ ಸಿಗದು. ಅಮೆರಿಕದ ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳಲ್ಲಿ ಪಂಪಿನ ಸರಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣವನ್ನು ಕೆಲಸಗಾರರು ಸುಟ್ಟಗಾಯಕ್ಕೆ ಹಚ್ಚುವುದನ್ನು ರಾಬರ್ಟ್ ಚೆಸ್‌ಬ್ರೋ ಎಂಬ ರಸಾಯನಶಾಸ್ತ್ರಜ್ಞ ಕಂಡ. ಅದನ್ನು ಶುದ್ಧಗೊಳಿಸಿ 1872ರಲ್ಲಿ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದ. ಅದು ಚರ್ಮದ ಮೇಲೆ ಬರೀ ಮುಚ್ಚಳದಂತೆ ಕೂರುತ್ತದೆ, ಕೆಳಗಿನ ಚರ್ಮ ಸೋಮಾರಿಯಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. 1992ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು. ಜೆಲ್ಲಿ ಹೊರಪದರದ ಕೋಶಗಳ ನಡುವೆ ಇಳಿದು ಕೂರುತ್ತದೆ, ಹಾಳಾದ ಜಿಡ್ಡನ್ನು ಚರ್ಮ ತಾನೇ ಮತ್ತೆ ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಾಗುವುದಿಲ್ಲ. ನೀರಿನಂಶ ಇಲ್ಲದ್ದರಿಂದ ಅದಕ್ಕೆ ಕೆಡದಂತೆ ರಾಸಾಯನಿಕ ಬೆರೆಸುವ ಅಗತ್ಯವೂ ಇಲ್ಲ. ಅಂಟಂಟು ಎನ್ನುವುದೊಂದೇ ಕೊರತೆ. ಹಾಗೆಂದೇ ಅದು ರಾತ್ರಿಗೆ ಹೊಂದುತ್ತದೆ.

ಇನ್ನು ‘ಎಲ್ಲಕ್ಕೂ ಒಂದೇ’ ಎನ್ನುವ ಡಬ್ಬಿಗಳ ಮಾತು. 1893ರಿಂದ ಮನೆಮಾತಾದ ಅಮೃತಾಂಜನದಂಥ ನೋವಿನ ಬಾಮುಗಳು ತಲೆನೋವು, ಮೈಕೈ ನೋವಿಗೆ ಹುಟ್ಟಿದವು. ಇಂಥ ಬಾಮುಗಳಲ್ಲಿ ಇರುವ ಮೆಂಥಾಲ್, ಕರ್ಪೂರದಂಥ ವಸ್ತುಗಳು ನರಗಳನ್ನು ಕೆಣಕಿ ತಂಪೋ ಉರಿಯೋ ಆದಂತೆ ಮಾಡುತ್ತವೆ. ಆ ಅನುಭವವನ್ನೇ ಗುಣವಾಗುವ ಲಕ್ಷಣ ಎಂದುಕೊಂಡು ಒಡೆದ ತುಟಿಗೆ, ಸೀಳಿದ ಹಿಮ್ಮಡಿಗೆ ಹಚ್ಚಿದರೆ ಚರ್ಮ ಇನ್ನಷ್ಟು ಕೆರಳುತ್ತದೆ. ಕರ್ಪೂರ ಇರುವುದನ್ನು ಕೂಸುಗಳ ಮೈಗೆ, ಮೂಗಿನ ಬಳಿ ಹಚ್ಚಲೇಬಾರದು. ಹೊಟ್ಟೆಗೆ ಹೋದರೆ ಫಿಟ್ಸ್ ಬರುವ ಅಪಾಯವಿದೆ. 1929ರಲ್ಲಿ ಕಲ್ಕತ್ತದಲ್ಲಿ ಶುರುವಾದ ಬೋರೋಲೀನ್ ಜಾತಿಯ ಕ್ರೀಮುಗಳದು ಬೇರೆ ದಾರಿ. ಅವುಗಳಲ್ಲಿ ಬೋರಿಕ್ ಆಮ್ಲ, ಜಿಂಕ್ ಆಕ್ಸೈಡ್ ಇರುತ್ತವೆ. ದೊಡ್ಡವರ ಸಣ್ಣ ಬಿರುಕಿಗೆ ಪರವಾಗಿಲ್ಲ, ಎಳೆಗೂಸಿನ ಮೈತುಂಬ ಹಚ್ಚುವುದಕ್ಕಲ್ಲ.

ಎಣ್ಣೆಗಳ ವಿಷಯದಲ್ಲಿ ಈ ಸೀಮೆಗೆ ಒಂದು ಭಾಗ್ಯವಿದೆ. ಜೋಳದ ಹೊಲದ ಪಕ್ಕ ಬೆಳೆಯುವ ಕುಸುಬಿಯ ಸಾಮಾನ್ಯ ತಳಿಗಳ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ. ಈ ಆಮ್ಲವನ್ನು ನಮ್ಮ ಮೈ ತಾನಾಗಿ ತಯಾರಿಸದು, ಚರ್ಮದ ಜಿಡ್ಡು ಕಟ್ಟಲು ಮಾತ್ರ ಅದು ಬೇಕೇ ಬೇಕು. 1929ರಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬಿಲ್ಲದ ಆಹಾರ ಕೊಟ್ಟ ಇಲಿಗಳ ಚರ್ಮ ಹೊಪ್ಪಳಿಕೆ ಏಳುವುದನ್ನು ಕಂಡು ಇದರ ಜಾಡು ಹಿಡಿದರು. ಆಲಿವ್ ಎಣ್ಣೆ ದುಬಾರಿಯಾದ ಮಾತ್ರಕ್ಕೆ ಮೇಲಲ್ಲ. ಅದರಲ್ಲಿ ಹೆಚ್ಚಿರುವ ಒಲಿಯಿಕ್ ಆಮ್ಲ ಚರ್ಮದ ತಡೆಯನ್ನು ಸಡಿಲಿಸುತ್ತದೆ ಎಂದು 2013ರ ಬ್ರಿಟಿಷ್ ಅಧ್ಯಯನ ತೋರಿಸಿದೆ. ಗಾಣದ ಕುಸುಬಿ ಎಣ್ಣೆ ತೆಳುವಾಗಿ ಸವರಿ, ಹಿಮ್ಮಡಿಗೆ ಮಾತ್ರ ಮೇಲೊಂದು ಪದರ ಜೆಲ್ಲಿ ಹಚ್ಚುವುದು ನನ್ನ ಲೆಕ್ಕದಲ್ಲಿ ಕಡಿಮೆ ಖರ್ಚಿನ ಒಳ್ಳೆಯ ಜೋಡಿ. ಗಟ್ಟಿಯಾದ ಹಿಮ್ಮಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಹಚ್ಚಿದ ಮೇಲೆ ಹತ್ತಿಯ ಕಾಲುಚೀಲ ಹಾಕಿ ಮಲಗಬೇಕು. ಅದಕ್ಕೂ ಬಗ್ಗದಿದ್ದರೆ ಯೂರಿಯಾ ಬೆರೆತ ಮುಲಾಮು ಕೇಳಿ.

ನಿಜವಾಗಿ ಹೆದರಬೇಕಾದದ್ದು ಔಷಧಿ ಅಂಗಡಿಯ ಟ್ಯೂಬಿಗೆ. ಚರ್ಮ ಕೆಂಪಾಗಿ ತುರಿಸುತ್ತದೆ ಎಂದೊಡನೆ ಕ್ಲೋಬೆಟಸಾಲ್, ಬೆಟಾಮೆಥಸೋನ್ ಎಂಬ ಸ್ಟಿರಾಯ್ಡ್ ಇರುವ ಕ್ರೀಮು ಕೈಗೆ ಬರುತ್ತದೆ. ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಜನ ಮೆಚ್ಚುತ್ತಾರೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅದು ಗಜಕರ್ಣವಾಗಿದ್ದರೆ ಒಳಗೊಳಗೇ ಹರಡಿ ಮನೆಮಂದಿಗೆಲ್ಲ ಅಂಟುತ್ತದೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟಿರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿದ್ದು ಇದಕ್ಕಾಗಿಯೇ. ಒಣಚರ್ಮಕ್ಕೆ ಸ್ಟಿರಾಯ್ಡ್ ಔಷಧಿಯಲ್ಲ.

ಜಳಕದ ಬಗ್ಗೆಯೂ ಎರಡು ಮಾತು. ಕುದಿಕುದಿ ನೀರು ಮೈಯ ಜಿಡ್ಡನ್ನು ಕರಗಿಸುತ್ತದೆ. ಬೋರಿನ ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ತೊಳೆದು ಹೋಗದೆ ಮೈಗೆ ಅಂಟುತ್ತದೆ. ಕಂಕುಳು, ತೊಡೆಸಂದು, ಪಾದಕ್ಕೆ ಸಾಬೂನು ಸಾಕು. ಇನ್ನೊಂದು ಎಚ್ಚರ: ಎಣ್ಣೆ, ಜೆಲ್ಲಿ ಹೀರಿಕೊಂಡ ಶಾಲು, ಕೌದಿ ಬೇಗ ಬೆಂಕಿ ಹಿಡಿಯುತ್ತವೆ. ಮುಂಜಾನೆ ಬೆಂಕಿ ಕಾಯಿಸುವ ವಯಸ್ಸಾದವರನ್ನು ಸ್ವಲ್ಪ ದೂರ ಕೂಡಿಸಿ.

ಸಕ್ಕರೆ ಕಾಯಿಲೆ ಇರುವವರ ಹಿಮ್ಮಡಿ ಸೀಳಿ ರಕ್ತ ಬಂದರೆ ಮುಲಾಮು ಹಚ್ಚುತ್ತ ಕಾಯಬೇಡಿ, ಸೋಂಕು ಒಳಗಿಳಿದರೆ ಪಾದಕ್ಕೇ ಕುತ್ತು. ಬೆವರದ, ಮುಟ್ಟಿದರೆ ತಿಳಿಯದ ಒಣ ಮಚ್ಚೆ ಇದ್ದರೆ ಅದು ಕುಷ್ಠವಿರಬಹುದು. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ. ಅದರ ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಸಿಗುತ್ತದೆ, ಬೇಗ ಶುರು ಮಾಡಿದರೆ ಪೂರ್ತಿ ಗುಣವಾಗುತ್ತದೆ.